ಚಿಟ್ಟಿಯ ನೆರಳು

ಮಳೆ ಹಿಡಿದರೆ ಕಳಸ, ಮೂಡಿಗೆರೆ ಕಡೆಯ ತೋಟದ ಮನೆಗಳ ಮಕ್ಕಳಿಗೆ ಅಂಗಳವೂ ಇಲ್ಲ. ಮೊಬೈಲ್ ಗೇಮಿನ ದೆವ್ವವನ್ನು ನೋಡಿ ಚಿತ್ರ ಬರೆಯುತ್ತಾರೆ. ಮುಖಕ್ಕೆ ಕಪ್ಪು, ಕಣ್ಣಿಗೆ ಕೆಂಪು. ಆದರೂ ಭಯ ಹುಟ್ಟುವುದಿಲ್ಲ.

ಬಣ್ಣ ಒಂದೇ ಹೆದರಿಸಲಾರದು. 1980ರಲ್ಲಿ ಜಪಾನಿನಿಂದ ಬಂದ ಪ್ಯಾಕ್‌ಮ್ಯಾನ್ ಆಟದ ನಾಲ್ಕು ದೆವ್ವಗಳಿಗೆ ಕೆಂಪು, ಗುಲಾಬಿ, ತಿಳಿನೀಲಿ, ಕಿತ್ತಳೆ ಬಣ್ಣ, ನೆರಳಿಲ್ಲ. ಮುದ್ದಾಗಿಯೇ ಉಳಿದವು.

ಭಯದ ಬಣ್ಣಗಾರಿಕೆಯನ್ನು ಕಲಿಯಬೇಕಾದದ್ದು ಯಕ್ಷಗಾನದ ಚೌಕಿಯಲ್ಲಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗದಲ್ಲಿ. ಘಟ್ಟ ಹತ್ತಿ ಬರುವ ತೆಂಕುತಿಟ್ಟಿನ ಮೇಳಗಳಲ್ಲಿ ರಕ್ಕಸ ಪಾತ್ರದ, ಅಂದರೆ ಬಣ್ಣದ ವೇಷಧಾರಿ ಕನ್ನಡಿ ಹಿಡಿದು ಕೂತರೆ ಏಳುವುದು ಗಂಟೆಗಳ ನಂತರ. ಕೆಂಪು, ಕಪ್ಪಿನ ಗೆರೆಗಳಾದ ಮೇಲೆ ಚಿಟ್ಟಿ. ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ, ಕಡ್ಡಿಯ ತುದಿಯಿಂದ ಒಂದೊಂದೇ ಚುಕ್ಕಿ ಇಡಬೇಕು. ಒಣಗಿದ ಚುಕ್ಕಿಯ ನೆತ್ತಿಗೆ ಇನ್ನೊಂದು. ಹುಬ್ಬು, ಕೆನ್ನೆಯ ಸುತ್ತ ಅವು ಮುಳ್ಳಿನಂತೆ ಎದ್ದು ನಿಲ್ಲುತ್ತವೆ. ಆಮೇಲೆ ಜನರ ನಡುವಿನಿಂದ ದೊಂದಿ ಹಿಡಿಸಿಕೊಂಡು ಮಹಿಷಾಸುರ ಬರುವಾಗ ಪ್ರತಿ ಮುಳ್ಳಿನ ನೆರಳೂ ಮುಖದ ಮೇಲೆ ಹೊರಳಾಡುತ್ತದೆ. ಎಂಥ ಜಾಣ್ಮೆ ಅದು! ಕಲಾವಿದ ಬಣ್ಣದಲ್ಲಿ ಬಿಡಿಸದ ನೆರಳನ್ನು ಬೆಂಕಿ ಬಿಡಿಸುತ್ತದೆ.

ಇನ್ನೊಂದು ಗುಟ್ಟು ಬೆಳಕಿನ ದಿಕ್ಕಿನದು. ಸೂರ್ಯ ಮೇಲಿರುವುದರಿಂದ ಮೂಗಿನ ಕೆಳಗಿನ ನೆರಳು ನಮಗೆ ರೂಢಿ. ಬೆಳಕು ಗದ್ದದ ಕೆಳಗಿನಿಂದ ಬಂದರೆ ನೆರಳು ಮೇಲೆ ಬೀಳುತ್ತದೆ. ಪರಿಚಿತ ಮುಖವೂ ಬೇರೆಯಾಗುತ್ತದೆ. ಗೇಮ್ ಚಿತ್ರಕಾರರೂ ಇದನ್ನೇ ಬಳಸುತ್ತಾರೆ. ಮಕ್ಕಳೂ ಪ್ರಯತ್ನಿಸಲಿ: ಗದ್ದದ ಅಡಿಯನ್ನು ತಿಳಿಯಾಗಿ ಬಿಟ್ಟು, ಹಣೆಗೆ ಗಾಢ ನೀಲಿ ತೀಡಲಿ. ನವೆಂಬರ್ ಹೊತ್ತಿಗೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಊರಿನಲ್ಲಿ ಆಟವಿದ್ದ ದಿನ ಸಂಜೆಯೇ ಹೋಗಿ, ಅಪ್ಪಣೆ ಕೇಳಿ, ಮಕ್ಕಳನ್ನು ಚೌಕಿಯ ಮೂಲೆಯಲ್ಲಿ ಕೂರಿಸಿ.