ಕೆಲಸದಲ್ಲಿ ಪೆಟ್ಟಾದ್ರೆ ರಾಜೀನಾಮೆ ಬರ್ದುಕೊಡ್ಬೇಕಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ.)

ಪೀಣ್ಯ ಕಡೆಯ ಕೇಳುಗರೊಬ್ಬರು ಹೋದ ವಾರ ಒಂದು ಪ್ರಶ್ನೆ ಕಳಿಸಿದ್ರು. ಪವರ್ ಪ್ರೆಸ್ ಮೇಲೆ ಕೆಲಸ, ವಯಸ್ಸು 25, ಸಂಬಳ 15 ಸಾವಿರ. ಪ್ರೆಸ್‌ಗೆ ಸಿಕ್ಕಿ ತೋರುಬೆರಳು ಪೂರ್ತಿ ಹೋಗಿದೆ. ಮೂರು ವಾರ ಆದ್ಮೇಲೆ ಸೂಪರ್‌ವೈಸರ್ ಫೋನ್ ಮಾಡಿ, "ಸದ್ಯಕ್ಕೆ ಒಂದು ರಾಜೀನಾಮೆ ಬರ್ದುಕೊಡಪ್ಪಾ, ಕೈ ವಾಸಿಯಾದ್ಮೇಲೆ ಮತ್ತೆ ತಗೊಳ್ತೀವಿ" ಅಂದಿದ್ದಾರಂತೆ. ಬರ್ದುಕೊಡ್ಲಾ, ಬೇಡ್ವಾ ಅನ್ನೋದೇ ಪ್ರಶ್ನೆ.

ಉತ್ತರ ಮೊದಲೇ ಹೇಳ್ಬಿಡ್ತೀನಿ. ಬೇಡ. ಯಾಕೆ ಅನ್ನೋದೇ ಇವತ್ತಿನ ಸಂಚಿಕೆ.

ನಾನು ವಕೀಲ ಅಲ್ಲ. ಬಿ.ಕಾಂ ಮುಗಿಸಿ ಎರಡು ವರ್ಷ ಒಂದು ಆಡಿಟರ್ ಆಫೀಸಿನಲ್ಲಿ ಸಣ್ಣ ಕಾರ್ಖಾನೆಗಳ ಪೇರೋಲ್ ನೋಡ್ಕೊಂಡಿದ್ದೆ. ಹಾಗಾಗಿ ಲೆಕ್ಕದಿಂದ್ಲೇ ಶುರು ಮಾಡ್ತೀನಿ.

ನಿಮ್ಮ ಪೇ ಸ್ಲಿಪ್ ತೆಗೆದು ನೋಡಿ. ಇಎಸ್‌ಐ ಅಂತ 0.75 ಪರ್ಸೆಂಟ್ ಕಟ್ ಆಗ್ತಿದ್ಯಾ? ಮಾಲೀಕರು ಅದರ ಮೇಲೆ 3.25 ಪರ್ಸೆಂಟ್ ಹಾಕ್ಬೇಕು. ಹತ್ತು ಅಥವಾ ಹೆಚ್ಚು ಜನ ಇರೋ ಕಾರ್ಖಾನೆಯಲ್ಲಿ, ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರೋರಿಗೆಲ್ಲ ಇದು ಕಡ್ಡಾಯ. ಕೆಲಸದಲ್ಲಿ ಪೆಟ್ಟಾಗಿ ರಜೆ ಇದ್ದಷ್ಟು ದಿನ ಸಂಬಳದ ಸುಮಾರು 90 ಪರ್ಸೆಂಟ್ ಇಎಸ್‌ಐ ಕೊಡುತ್ತೆ. ಇಷ್ಟು ತಿಂಗಳು ವಂತಿಗೆ ಕಟ್ಟಿರ್ಬೇಕು ಅನ್ನೋ ಷರತ್ತಿಲ್ಲ. ಸೇರಿದ ಮೊದಲನೇ ದಿನವೇ ಪೆಟ್ಟಾದ್ರೂ ಹಕ್ಕಿದೆ.

ಕೈ ವಾಸಿಯಾದ್ಮೇಲೆ ಮೆಡಿಕಲ್ ಬೋರ್ಡ್ ನೋಡುತ್ತೆ. ತೋರುಬೆರಳು ಪೂರ್ತಿ ಹೋದ್ರೆ ಕಾನೂನಿನ ಪಟ್ಟಿಯಲ್ಲಿ ದುಡಿಮೆ ಸಾಮರ್ಥ್ಯದ ನಷ್ಟ 14 ಪರ್ಸೆಂಟ್. ಹೆಬ್ಬೆರಳಾದ್ರೆ 30. ನಮ್ಮ ಕೇಳುಗರಿಗೆ ದಿನಕ್ಕೆ 500 ರೂಪಾಯಿ ಅಂತ ಇಟ್ಕೊಳ್ಳಿ. ಅದರ 90 ಪರ್ಸೆಂಟ್ 450, ಅದರಲ್ಲಿ 14 ಪರ್ಸೆಂಟ್ 63 ರೂಪಾಯಿ. ತಿಂಗಳಿಗೆ ಹೆಚ್ಚುಕಡಿಮೆ 1,900. ಸಣ್ಣ ದುಡ್ಡು ಅನ್ನಿಸ್ಬಹುದು, ಆದ್ರೆ ಅದು ಜೀವನಪೂರ್ತಿ ಬರುತ್ತೆ. ಬೇರೆ ಕಡೆ ಕೆಲಸಕ್ಕೆ ಸೇರಿದ್ರೂ ನಿಲ್ಲಲ್ಲ.

ಇಎಸ್‌ಐ ವ್ಯಾಪ್ತಿಗೆ ಬರದೇ ಇದ್ರೆ? ಅದಕ್ಕೆ 2025ರ ನವೆಂಬರ್‌ವರೆಗೆ ಇದ್ದದ್ದು 1923ರ ನೌಕರರ ಪರಿಹಾರ ಕಾಯ್ದೆ. ಅದರ ಲೆಕ್ಕ ಹೀಗೆ. ಸಂಬಳದ 60 ಪರ್ಸೆಂಟ್, ಅಂದ್ರೆ 9,000. ಅದನ್ನ 25ನೇ ವಯಸ್ಸಿಗೆ ನಿಗದಿಯಾದ 216.91ರಿಂದ ಗುಣಿಸಿ. 19,52,190 ಬರುತ್ತೆ. ಅದರ 14 ಪರ್ಸೆಂಟ್ ಸುಮಾರು 2 ಲಕ್ಷ 73 ಸಾವಿರ. ಜೊತೆಗೆ ಆಸ್ಪತ್ರೆಯ ನಿಜವಾದ ಖರ್ಚು. ಒಂದು ತಿಂಗಳೊಳಗೆ ಕೊಡ್ಲಿಲ್ಲ ಅಂದ್ರೆ 12 ಪರ್ಸೆಂಟ್ ಬಡ್ಡಿ, ಸರಿಯಾದ ಕಾರಣ ಇಲ್ದಿದ್ರೆ 50 ಪರ್ಸೆಂಟ್‌ವರೆಗೆ ದಂಡ. ಕಂಟ್ರಾಕ್ಟರ್ ಕಡೆಯಿಂದ ಬಂದೋರು ಅಂತ ಕೈ ಝಾಡಿಸೋ ಹಾಗೂ ಇಲ್ಲ, ಮುಖ್ಯ ಮಾಲೀಕರನ್ನೇ ಕೇಳ್ಬಹುದು. ಅರ್ಜಿ ಹಾಕೋಕೆ ಅವಧಿ ಎರಡು ವರ್ಷ.

ಇದು ದುಡ್ಡಿನ ಮಾತಾಯ್ತು. ಕೆಲಸದ ಕಥೆ ಏನು?

2025ರ ನವೆಂಬರ್‌ವರೆಗೆ ಇದ್ದ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ, ನೀವು ಈ ಭತ್ಯೆ ತಗೊಳ್ತಿರೋವಾಗ ಮಾಲೀಕರು ಕೆಲಸದಿಂದ ತೆಗೆಯೋ ಹಾಗಿರಲಿಲ್ಲ, ಹಿಂಬಡ್ತಿ ಕೊಡೋ ಹಾಗಿರಲಿಲ್ಲ. ಆ ಸಮಯದಲ್ಲಿ ಕೊಟ್ಟ ನೋಟಿಸೇ ಊರ್ಜಿತ ಆಗ್ತಿರಲಿಲ್ಲ. ಆದ್ರೆ ಇದರಲ್ಲಿ ಒಂದು ಕಿಂಡಿ ಇತ್ತು. ಸತತವಾಗಿ ಆರು ತಿಂಗಳು ಭತ್ಯೆ ತಗೊಂಡಾದ್ಮೇಲೆ, ಸೇವಾ ಷರತ್ತಿನಲ್ಲಿ ಅವಕಾಶ ಇದ್ರೆ, ನೋಟಿಸ್ ಕೊಟ್ಟು ತೆಗೀಬಹುದಿತ್ತು. ಇನ್ನೊಂದು ಕಿಂಡಿ 2025ರ ನವೆಂಬರ್‌ವರೆಗೆ ಇದ್ದ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು. ಸತತ ಅನಾರೋಗ್ಯದ ಕಾರಣಕ್ಕೆ ತೆಗೆದ್ರೆ ಅದನ್ನ ರಿಟ್ರೆಂಚ್‌ಮೆಂಟ್ ಅಂತ ಲೆಕ್ಕ ಹಾಕ್ತಿರಲಿಲ್ಲ.

ಕೆಎಸ್‌ಆರ್‌ಟಿಸಿಯಂಥ ಸರ್ಕಾರಿ ಸಂಸ್ಥೆಯಲ್ಲಿ ಡ್ರೈವರ್ ಕಾಲು ಕಳ್ಕೊಂಡ್ರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ತೆಗೆಯೋ ಹಾಗಿಲ್ಲ. ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡ್ಬೇಕು. ಖಾಸಗಿ ಕಾರ್ಖಾನೆಗೆ ಆ ಕಲಂ ಅನ್ವಯಿಸಲ್ಲ. ಬೆರಳು ಎರಡೂ ಕಡೆ ಒಂದೇ, ಕಾನೂನು ಬೇರೆ. ಮುಚ್ಚುಮರೆ ಇಲ್ದೆ ಹೇಳ್ತೀನಿ: ನಮ್ಮ ದೇಶದಲ್ಲಿ ಪೆಟ್ಟಾದ ಖಾಸಗಿ ಕಾರ್ಮಿಕರಿಗೆ ದುಡ್ಡಿನ ಹಕ್ಕು ಗಟ್ಟಿ, ಕೆಲಸದ ಹಕ್ಕು ತೆಳು.

ಅದಕ್ಕೇ ಆ ರಾಜೀನಾಮೆ ಪತ್ರ ಅಷ್ಟು ಅಪಾಯ. ಇರೋ ತೆಳು ರಕ್ಷಣೆಯನ್ನ ನೀವೇ ಕೈಯಾರೆ ಹರಿದು ಹಾಕಿದ ಹಾಗೆ. ನಾಳೆ ಲೇಬರ್ ಆಫೀಸಿಗೆ ಹೋದ್ರೆ, "ನಾವು ತೆಗೀಲಿಲ್ಲ ಸಾರ್, ಅವ್ರೇ ಬಿಟ್ರು" ಅಂತಾರೆ. "ಮತ್ತೆ ತಗೊಳ್ತೀವಿ" ಅಂದಿದ್ದು ಫೋನಿನಲ್ಲಿ, ರಾಜೀನಾಮೆ ಇರೋದು ಕಾಗದದಲ್ಲಿ. ಈಗಾಗ್ಲೇ ಸಹಿ ಹಾಕಿದ್ರೆ ಗಾಬರಿ ಬೇಡ. ಪರಿಹಾರದ ಹಕ್ಕು ಅದರಿಂದ ಹೋಗಲ್ಲ. "ಪರಿಹಾರ ಬೇಡ" ಅಂತ ಮುಂಚಿತವಾಗಿ ಬರೆಸ್ಕೊಂಡ ಒಪ್ಪಂದಕ್ಕೂ ಕಾನೂನಿನಲ್ಲಿ ಬೆಲೆ ಇಲ್ಲ.

ಈಗ ಮಾಡ್ಬೇಕಾದ ಕೆಲಸ.

ಮೊದಲನೇದು, ಆಸ್ಪತ್ರೆಯಲ್ಲಿ ನಿಜ ಹೇಳಿ. "ಮನೇಲಿ ಬಿದ್ದೆ ಅನ್ನು, ಖರ್ಚು ನಾವು ನೋಡ್ಕೋತೀವಿ" ಅನ್ನೋ ಮಾತಿಗೆ ಒಪ್ಪಬೇಡಿ. ಕೇಸ್ ಶೀಟಿನಲ್ಲಿ ಮನೆ ಅಂತ ಬಂದ್ಬಿಟ್ರೆ, ಅದು ಕಾರ್ಖಾನೆಯಲ್ಲಿ ಆದ ಪೆಟ್ಟು ಅಂತ ಸಾಬೀತು ಮಾಡೋಕೆ ಒದ್ದಾಡ್ಬೇಕಾಗುತ್ತೆ.

ಎರಡನೇದು, ಅಪಘಾತದ ಪುಸ್ತಕದಲ್ಲಿ ಬರೆಸಿ. ಮಾಲೀಕರು ಫಾರಂ 12ರಲ್ಲಿ ಇಎಸ್‌ಐಗೆ ವರದಿ ಕಳಿಸ್ಬೇಕು, ಸಾಮಾನ್ಯ ಪೆಟ್ಟಿಗೆ 24 ಗಂಟೆಯೊಳಗೆ, ಗಂಭೀರ ಆದ್ರೆ ತಕ್ಷಣ. ಅದರ ಫೋಟೋ ಕೇಳಿ. ಪೆಟ್ಟಾದ ಮಾರನೇ ದಿನ ಹೆಸರು ಸೇರಿಸೋಕೆ ಓಡಿ ಬರ್ತಿದ್ದ ಯೂನಿಟ್‌ಗಳನ್ನ ನಾನು ಪೇರೋಲ್ ಟೇಬಲ್ಲಿನಲ್ಲಿ ಕೂತು ನೋಡಿದ್ದೀನಿ. ನೋಂದಣಿ ಮಾಡದೇ ಇದ್ದದ್ದು ಮಾಲೀಕರ ತಪ್ಪು, ಅದರಿಂದ ನಿಮ್ಮ ಹಕ್ಕು ಹೋಗಲ್ಲ.

ಮೂರನೇದು, ರಜೆಯನ್ನ ಬರಹದಲ್ಲಿ ತಿಳಿಸಿ. ಇಎಸ್‌ಐ ಡಾಕ್ಟರ್ ಕೊಟ್ಟ ಪ್ರತಿ ಸರ್ಟಿಫಿಕೇಟನ್ನೂ ವಾಟ್ಸಾಪ್‌ನಲ್ಲೂ ಕಳಿಸಿ, ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕಳಿಸಿ. "ಹೇಳದೆ ಕೇಳದೆ ಗೈರು" ಅನ್ನೋ ನೆಪಕ್ಕೆ ಜಾಗ ಇರಬಾರದು.

ನಾಲ್ಕನೇದು, ತೆಗೆದೇ ಬಿಟ್ರೆ ಲೇಬರ್ ಆಫೀಸರ್ ಹತ್ರ ದೂರು ಕೊಡಿ. ಹಳೇ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ, 45 ದಿನದಲ್ಲಿ ರಾಜಿ ಆಗ್ಲಿಲ್ಲ ಅಂದ್ರೆ ನೀವೇ ನೇರವಾಗಿ ಲೇಬರ್ ಕೋರ್ಟಿಗೆ ಹೋಗ್ಬಹುದಿತ್ತು. ಕೈಗಾರಿಕಾ ಕಾರ್ಮಿಕರಿಗೆ ಕಾನೂನು ನೆರವು ಉಚಿತ, ಸಹಾಯವಾಣಿ 15100.

2020ರಲ್ಲಿ ಪಾಸಾದ ಸಾಮಾಜಿಕ ಭದ್ರತಾ ಸಂಹಿತೆಯ ಈ ಭಾಗಗಳು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿವೆ. ಹಾಗಾಗಿ ಸೆಕ್ಷನ್ ನಂಬರ್‌ಗಳು ಬದಲಾಗಿವೆ, ಅದರ ಬಗ್ಗೆ ಇನ್ನೊಂದು ಸಂಚಿಕೆ ಮಾಡೋಣ. ಸದ್ಯಕ್ಕೆ ಈ ಲಿಂಕ್ ನಿಮ್ಮ ಶಿಫ್ಟ್ ಗ್ರೂಪಿಗೆ ಹಾಕಿ. ಪೆಟ್ಟಾದ ದಿನ ಹುಡುಕೋಕೆ ಪುರುಸೊತ್ತಿರಲ್ಲ, ಬೆರಳಿಗೆ ಬ್ಯಾಂಡೇಜ್ ಬೇರೆ ಇರುತ್ತೆ. ಹುಷಾರಾಗಿ ಕೆಲಸ ಮಾಡಿ. ಮುಂದಿನ ವಾರ ಸಿಗೋಣ.