ಗುರುಗಳಿಗೆ ಬರೆಯಬೇಕಾಗಿದ್ದ ಕಾಗದ



ಗುರುಗಳ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ನನಗೆ ಸಂತೋಷಕ್ಕಿಂತ ಸಂಕೋಚವೇ ಹೆಚ್ಚಾಯಿತು. ನಾನು ಸಲ್ಲಿಸಬೇಕಾಗಿದ್ದ ಒಂದು ಕೃತಜ್ಞತೆ ಇಪ್ಪತ್ತನಾಲ್ಕು ವರ್ಷಗಳಿಂದ ಬಾಕಿ ಬಿದ್ದಿದೆ. ಅದಕ್ಕೆ ಬರುವ ಮುನ್ನ ನಮ್ಮ ಸೀಮೆಯ ಇನ್ನೊಬ್ಬ ಗುರುಗಳನ್ನು ನೆನೆಯಲು ತಮ್ಮ ಅಪ್ಪಣೆಯಾಗಬೇಕು.

ಚಳ್ಳಕೆರೆ ತಾಲ್ಲೂಕಿನ ತಳುಕಿನಲ್ಲಿ 1885ರಲ್ಲಿ ಜನಿಸಿದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದರು. ಎ. ಆರ್. ಕೃಷ್ಣಶಾಸ್ತ್ರಿಗಳೊಡನೆ ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಸಂಗ್ರಹಿಸಿಕೊಟ್ಟ ಈ ವಿದ್ವಾಂಸರು ಬರೆದುದು ಕಡಿಮೆ, ಬರೆಯಿಸಿದುದು ಬಹಳ. ಕುವೆಂಪು, ಡಿ. ಎಲ್. ನರಸಿಂಹಾಚಾರ್ಯರು ಅವರ ಬಳಿ ಎಂ.ಎ. ತರಗತಿಯಲ್ಲಿ ಓದಿದವರು. ಕುವೆಂಪು ಮೊದಲಲ್ಲಿ ಇಂಗ್ಲಿಷಿನಲ್ಲಿ ಕವಿತೆ ಕಟ್ಟುತ್ತಿದ್ದರೆಂಬುದೂ, ಐರಿಷ್ ಕವಿ ಜೇಮ್ಸ್ ಕಸಿನ್ಸರು 1924ರಲ್ಲಿ ಅವರನ್ನು ತಾಯ್ನುಡಿಯ ಕಡೆಗೆ ತಿರುಗಿಸಿದರೆಂಬುದೂ ತಮಗೆ ತಿಳಿದೇ ಇದೆ. ತಿರುಗಿಸುವುದು ಒಂದು ಗಳಿಗೆಯ ಕೆಲಸ. ತಿರುಗಿದವನ ಜೊತೆಯಲ್ಲಿ ವರ್ಷಗಟ್ಟಲೆ ನಡೆಯುವುದು ಬೇರೆ. ಅದನ್ನು ಮಾಡಿದವರು ವೆಂಕಣ್ಣಯ್ಯನವರು.

‘ಶ್ರೀ ರಾಮಾಯಣ ದರ್ಶನಂ’ ಕಾವ್ಯವು 1936ರಲ್ಲಿ ಆರಂಭವಾಗಿ 1946ರಲ್ಲಿ ಮುಗಿಯಿತು. ಗುರುಗಳಾದರೋ 1939ರಲ್ಲಿಯೇ ತೀರಿಕೊಂಡಿದ್ದರು. ಶಿಷ್ಯರು ಮಹಾಕಾವ್ಯವನ್ನು ಅವರಿಗೇ ಅರ್ಪಿಸಿದರು. ಆ ಅರ್ಪಣೆಯ ಪದ್ಯವು ಎದುರಿಗೆ ಕುಳಿತಿರುವವರೊಡನೆ ಆಡಿದ ಮಾತಿನಂತಿದೆ. ತರಗತಿಯಲ್ಲಿ ಅದನ್ನು ಓದುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಮಕ್ಕಳು ಅದನ್ನು ಕಾವ್ಯದ ಪ್ರಭಾವವೆಂದು ತಿಳಿದುಕೊಂಡಿದ್ದಾರೆ; ಸಂಪೂರ್ಣವಾಗಿ ಅದಲ್ಲ.

ನನ್ನ ಊರು ಚಿತ್ರದುರ್ಗದ ಹಿರೇಗುಂಟನೂರು. ಮಳೆಯನ್ನು ನೆಚ್ಚಿದ ಹೊಲ, ಮಳೆಯನ್ನು ನೆಚ್ಚದ ಸಾಲಗಾರ. ಇವೆರಡರ ನಡುವೆ ನಮ್ಮ ತಂದೆಯವರು ನನ್ನ ಓದನ್ನು ನಿಲ್ಲಿಸಬೇಕೆಂದಿದ್ದರು. ನನಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದ ಮೇಷ್ಟರು ದುರ್ಗದಿಂದ ಬಸ್ಸು ಹತ್ತಿ ಬಂದು ನಮ್ಮ ಜಗಲಿಯ ಮೇಲೆ ಕುಳಿತರು. ಉಪದೇಶವೇನನ್ನೂ ಮಾಡಲಿಲ್ಲ. ಶೇಂಗಾದ ಧಾರಣೆ ವಿಚಾರಿಸಿದರು, ಮಜ್ಜಿಗೆ ಕುಡಿದರು, ಏಳುವಾಗ, “ಗೌಡರೆ, ಹುಡುಗನ ಪುಸ್ತಕದ ಖರ್ಚು ನನಗಿರಲಿ, ಊಟದ ಖರ್ಚು ನಿಮಗಿರಲಿ” ಎಂದರು. ಅಷ್ಟೆ. ನಾನು ಓದಿದೆನು.

ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ತೇರ್ಗಡೆಯಾದ ದಿನ ಅವರಿಗೆ ಒಂದು ದೀರ್ಘವಾದ ಕಾಗದವನ್ನು ಇಂಗ್ಲಿಷಿನಲ್ಲಿ ಬರೆದೆನು. ಎಂತಹ ಇಂಗ್ಲಿಷು! ಒಂದೊಂದು ವಾಕ್ಯವೂ ಜರತಾರಿ ಪೇಟ ಸುತ್ತಿಕೊಂಡಿತ್ತು. ವಾರದೊಳಗಾಗಿ ಕನ್ನಡದಲ್ಲಿ ಒಂದು ಕಾರ್ಡು ಬಂದಿತು: “ಕಾಗದ ತಲುಪಿತು. ವ್ಯಾಕರಣದಲ್ಲಿ ತಪ್ಪಿಲ್ಲ. ಮನೆಯಾಕೆ ಓದಿ ಹೇಳೆಂದಳು. ನಾನು ಭಾಷಾಂತರ ಮಾಡುತ್ತ ಹೋದೆ, ಎಲ್ಲಿಯೂ ನೀನು ಸಿಕ್ಕಲಿಲ್ಲ. ಆಕೆಗೆ ತಿಳಿಯುವಂತೆ ಇನ್ನೊಂದು ಬರೆ.”

ಆ ಅಮ್ಮನವರು ನನಗೆ ಎಷ್ಟು ಮಧ್ಯಾಹ್ನ ಅನ್ನವಿಕ್ಕಿದ್ದರೆಂಬುದನ್ನು ಲೆಕ್ಕವಿಟ್ಟವರಿಲ್ಲ. ಆದರೂ ಕಾರ್ಡನ್ನು ಓದಿ ನನಗೆ ಮುನಿಸು ಬಂದಿತು. ಮುನಿಸು ತಿಂಗಳಲ್ಲಿ ಕರಗಿತು, ಆಮೇಲೆ ನಾಚಿಕೆ, ನಾಚಿಕೆಯ ಮೇಲೆ ಕಾಲೇಜಿನ ಕೆಲಸ. ಬರೆಯಲಿಲ್ಲ. ಹತ್ತು ವರ್ಷದ ಹಿಂದೆ ಅಮ್ಮನವರು ತೀರಿಕೊಂಡರು.

ಮೇಷ್ಟರು ದುರ್ಗದಲ್ಲಿಯೇ ಇದ್ದಾರೆ. ಕಣ್ಣು ಕಾಣುವುದಿಲ್ಲ, ಈಗ ಕಾಗದ ಬರೆದರೂ ಇನ್ನೊಬ್ಬರು ಓದಬೇಕು. ಆದರೆ ಸಂಜೆಯ ಹೊತ್ತು ರೇಡಿಯೋ ಕೇಳುತ್ತಾರೆಂದು ತಿಳಿದು ಈ ಭಾಷಣಕ್ಕೆ ಒಪ್ಪಿದೆನು. ಮಿಕ್ಕ ಶ್ರೋತೃಗಳು ಒಂದು ನಿಮಿಷ ಕ್ಷಮಿಸಬೇಕು.

ಮೇಷ್ಟರೆ, ಹಿರೇಗುಂಟನೂರಿನ ಹುಡುಗ ಮಾತನಾಡುತ್ತಿದ್ದೇನೆ. ಅಮ್ಮನವರಿಗೆ ತಿಳಿಯುವಂತೆ ಬರೆಯಲು ಇಷ್ಟು ದಿನ ಹಿಡಿಯಿತು. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನೀವು ಅಂದು ಕಳುಹಿಸಿದ ಕಾರ್ಡು ನನ್ನ ಬಳಿ ಇದೆ, ಅದನ್ನೂ ತರುತ್ತೇನೆ.