ಬಾವಿಯ ನೀರೂ ಹೊಳೆಯುವ ಕಣಗಳೂ
(ಚಾಂಪಿಯನ್ ರೀಫ್ಸ್‌ನಲ್ಲಿ ಗ್ರಾಮಸ್ಥರಿಗೆ ಮಾಡಿದ ಭಾಷಣ)



ಇಲ್ಲಿಯ ಗಣಿ 2001ರಲ್ಲಿ ಮುಚ್ಚಿತು. ಅದಕ್ಕೆ ಮೊದಲು ಅದಿರನ್ನು ನುಣ್ಣಗೆ ಅರೆದು, ಸೈನೈಡ್ ಎಂಬ ವಿಷದಲ್ಲಿ ಕರಗಿಸಿ ಚಿನ್ನ ತೆಗೆಯುತ್ತಿದ್ದರು. ಉಳಿದ ಮಣ್ಣಿನ ದಿಬ್ಬಗಳು ಕಣ್ಣೆದುರಿಗೇ ಇವೆ. ಬೇಕಾದ ವಸ್ತುವನ್ನು ಇಂಥ ವಿಷವಿಲ್ಲದೆ ಪಡೆಯುವುದಕ್ಕೆ ವಿಜ್ಞಾನಿಗಳು 'ಹಸಿರು ವಿಧಾನ' ಎನ್ನುತ್ತಾರೆ.

ನಿಂಬೆರಸವನ್ನೋ ಸೊಪ್ಪಿನ ರಸವನ್ನೋ ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲಿ ಸುಮಾರು 200 ಡಿಗ್ರಿ ಶಾಖದಲ್ಲಿ ಕಾಯಿಸಿದರೆ ಇಂಗಾಲದ ಅತಿ ಸಣ್ಣ ಕಣಗಳು ಉಂಟಾಗುತ್ತವೆ. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿ; ಕಣದ ಅಗಲ ಅಂಥ 10 ಪಾಲಿಗೂ ಕಡಮೆ. ನೇರಳಾತೀತ ಬೆಳಕು ಬಿದ್ದರೆ ಇವು ನೀಲಿಯಾಗಿಯೋ ಹಸಿರಾಗಿಯೋ ಹೊಳೆಯುತ್ತವೆ. ರೋಗಾಣುವಿಗೆ ಅಂಟುವಂತೆ ಮಾಡಿದರೆ, ಕಣ್ಣಿಗೆ ಕಾಣದ ಆ ಶತ್ರುವಿನ ಸುಳಿವು ಸಿಗುತ್ತದೆ. ಕೆಲವು ಬಗೆಯ ಕಣಗಳು ಅದರ ಹೊರಪೊರೆಯನ್ನು ಹರಿದು ಕೊಲ್ಲುತ್ತವೆ.

ಇದರಿಂದ ನಮಗೇನು ಲಾಭ? ನೀರಿನ ಪರೀಕ್ಷೆಯ ಶೀಶೆ ಕಪ್ಪಾಗುವುದೇ ಎಂದು ನೋಡಲು ಈಗ ಒಂದೆರಡು ದಿನ ಕಾಯಬೇಕು. ಅಷ್ಟರಲ್ಲಿ ಮಕ್ಕಳು ಅದೇ ನೀರು ಕುಡಿದಿರುತ್ತಾರೆ. ಬೇಗ ತಿಳಿದರೆ ಬೇದಿ, ವಿಷಮಜ್ವರಗಳನ್ನು ತಡೆಯಬಹುದು.

ಆದರೆ ಒಂದು ಎಚ್ಚರಿಕೆ. ಈ ಕೆಲಸ ಇನ್ನೂ ಹೆಚ್ಚಾಗಿ ಪ್ರಯೋಗಶಾಲೆಯಲ್ಲೇ ಇದೆ. ಸೊಪ್ಪಿನಿಂದ ಆದದ್ದೆಂಬ ಮಾತ್ರಕ್ಕೆ ಕುಡಿಯಲು ನಿರಪಾಯವೆಂದು ತಿಳಿಯಬೇಡಿ. ಮನೆಯಲ್ಲಿ ಮಾಡಲೂ ಹೋಗಬೇಡಿ. ಅದು ಊರಿಗೆ ಬರುವವರೆಗೆ ನೀರನ್ನು ಬಟ್ಟೆಯಲ್ಲಿ ಸೋಸಿ, ಮರಳಿದ ಮೇಲೂ ಒಂದು ನಿಮಿಷ ಕುದಿಸಿ, ಮುಚ್ಚಿಡಿ. ಬಾವಿಗೆ ತಿಳಿದವರಿಂದ ಅಳತೆಯಂತೆ ಬ್ಲೀಚಿಂಗ್ ಪುಡಿ ಹಾಕಿಸಿ. ಬಾವಿಕಟ್ಟೆಯ ಬಳಿ ಕೊಚ್ಚೆ ನಿಲ್ಲಗೊಡಬೇಡಿ. ಹೊಸ ವಿದ್ಯೆ ಬರಲಿ. ಅದಕ್ಕಾಗಿ ಕಾದು ಇಂದಿನ ಶುಚಿತ್ವವನ್ನು ಮರೆಯದಿರೋಣ.